ಡಕ್ಸ್‌ಬರಿ ಡಿಬಿಟಿ: ಅಂಕಪಟ್ಟಿ, ಪದ್ಯ, ಕೋಡ್ ಕೊಟ್ಟರೆ ಎಷ್ಟು ನಿಭಾಯಿಸುತ್ತದೆ?

ಡಕ್ಸ್‌ಬರಿ ಡಿಬಿಟಿ ಎಂದರೆ ಪಠ್ಯವನ್ನು ಬ್ರೈಲ್‌ಗೆ ಅನುವಾದಿಸುವ ತಂತ್ರಾಂಶ. ಅದಕ್ಕೆ ಸಾದಾ ಗದ್ಯ ಕೊಟ್ಟು ಕಂಟ್ರೋಲ್ + ಟಿ ಒತ್ತಿದರೆ ಬಹುಪಾಲು ಕೆಲಸ ಮುಗಿದಂತೆಯೇ. ವಿಂಡೋಸ್, ಮ್ಯಾಕ್ ಎರಡರಲ್ಲೂ ಓಡುತ್ತದೆ, ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ತೊಡಕು ಬರುವುದು ಮೊದಲೇ ಜೋಡಿಸಿಟ್ಟ ಪಠ್ಯದಲ್ಲಿ: ಸ್ಪೇಸ್ ಒತ್ತಿ ಒತ್ತಿ ನೇರ ಮಾಡಿದ ಅಂಕಪಟ್ಟಿ, ಸಾಲು ಮುರಿದ ಪದ್ಯ, ಪೈಥಾನ್ ಕೋಡ್. ಈ ವಿಮರ್ಶೆ ಅಷ್ಟರ ಬಗ್ಗೆ ಮಾತ್ರ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಸಾಲನ್ನು ಉಳಿಸಿಕೊಡಿ ಎಂದು ಬ್ರೈಲ್ ಸಾಫ್ಟ್‌ವೇರನ್ನು ಕೇಳಬಹುದು, ಸ್ಪೇಸ್‌ನಿಂದ ಕಟ್ಟಿದ ಕಾಲಂ ಉಳಿಸಿಕೊಡಿ ಎಂದು ಕೇಳುವಂತಿಲ್ಲ. ‘ಗಣಿತ’ ಯೂನಿಕೋಡ್‌ನಲ್ಲಿ 4 ಸಂಕೇತ, ಬ್ರೈಲ್‌ನಲ್ಲೂ 4 ಸೆಲ್ (1ರಿಂದ 6ರವರೆಗೆ ಎಣಿಸುವ ಆರು ಚುಕ್ಕಿಗಳ ಒಂದು ಮನೆಯೇ ಸೆಲ್). ‘ವಿಜ್ಞಾನ’ ಯೂನಿಕೋಡ್‌ನಲ್ಲಿ 7 ಸಂಕೇತ, ಆದರೆ ಭಾರತೀಯ ಭಾಷೆಗಳ ಬ್ರೈಲ್ ಆದ ಭಾರತಿ ಬ್ರೈಲ್‌ನಲ್ಲಿ ‘ಜ್ಞ’ಗೆ ಒಂದೇ ಸೆಲ್ ಇರುವುದರಿಂದ 5 ಸೆಲ್. ಅಂಕಗಳೆಲ್ಲ 13ನೇ ಸ್ಥಾನದಲ್ಲಿ ಬರಲಿ ಎಂದು ಮೊದಲನೆಯದಕ್ಕೆ 8, ಎರಡನೆಯದಕ್ಕೆ 5 ಸ್ಪೇಸ್ ಹಾಕಿದ್ದೀರಿ ಎನ್ನಿ. ಬ್ರೈಲ್‌ನಲ್ಲಿ ಗಣಿತದ ಅಂಕ 13ನೇ ಸೆಲ್‌ನಲ್ಲೇ ನಿಂತರೆ, ವಿಜ್ಞಾನದ್ದು 11ಕ್ಕೆ ಜಾರಿರುತ್ತದೆ. ‘ಕ್ಷ’ ಬಂದಲ್ಲೂ ಇದೇ ಕತೆ: ‘ಅಕ್ಕಿ’, ‘ಅಕ್ಷರ’ ಎರಡೂ ಐದೈದು ಸಂಕೇತ, ಬ್ರೈಲ್‌ನಲ್ಲಿ ಒಂದು 5 ಸೆಲ್, ಇನ್ನೊಂದು 3. ಕನ್ನಡ ಫಾಂಟುಗಳಲ್ಲಿ ಅಕ್ಷರದ ಅಗಲವೂ ಒಂದೇ ಸಮ ಇರುವುದಿಲ್ಲ. ಹಾಗಾಗಿ ಪರದೆಯ ಮೇಲೆ ಕಣ್ಣಳತೆಯಲ್ಲಿ ನೇರ ಮಾಡಿದ್ದು ಯೂನಿಕೋಡ್ ಲೆಕ್ಕಕ್ಕೂ ಕೂಡುವುದಿಲ್ಲ.

ಡಿಬಿಟಿಯಂತೂ ಒಂದರ ಹಿಂದೊಂದು ಬಂದ ಸ್ಪೇಸ್‌ಗಳನ್ನು ಸಾಮಾನ್ಯವಾಗಿ ಒಂದಕ್ಕೆ ಇಳಿಸುತ್ತದೆ. ಹೊಸಬರಿಗೆ ಇದು ದೋಷದಂತೆ ಕಾಣುತ್ತದೆ, ನನ್ನ ಮಟ್ಟಿಗೆ ಇದು ಸರಿಯಾದ ನಡೆ. ಹೇಗೂ ಕೆಡಲಿರುವ ಜೋಡಣೆಯನ್ನು ಅರ್ಧಂಬರ್ಧ ಉಳಿಸುವುದಕ್ಕಿಂತ ಇದೇ ವಾಸಿ. ಅಂಕಪಟ್ಟಿಗೆ ಮದ್ದು ವರ್ಡ್‌ನಲ್ಲೇ ಇದೆ: ಸ್ಪೇಸ್‌ಗಳನ್ನು ಕಿತ್ತುಹಾಕಿ ನಿಜವಾದ ಟೇಬಲ್ ಮಾಡಿ, ಆಮೇಲೆ ಡಿಬಿಟಿಗೆ ತನ್ನಿ. ಕಾಲಂ ಅಗಲವನ್ನು ಅನುವಾದವಾದ ಮೇಲಿನ ಸೆಲ್ ಲೆಕ್ಕದಲ್ಲಿ ಯೋಚಿಸಬೇಕು. ಎರಡಂಕಿಯ ಸಂಖ್ಯೆಗೆ, ಮುಂದಿರುವುದು ಅಂಕಿ ಎಂದು ಹೇಳುವ ಸಂಖ್ಯಾಸೂಚಕ ಸೇರಿ 3 ಸೆಲ್, ಕಾಲಂಗಳ ನಡುವೆ ಕನಿಷ್ಠ 2 ಖಾಲಿ ಸೆಲ್. 40 ಸೆಲ್ಲಿನ ಸಾಲಿನಲ್ಲಿ ನಾಲ್ಕೈದು ಕಾಲಂ ದಾಟಿದರೆ ಟೇಬಲ್ ಆಸೆ ಬಿಟ್ಟು, ಪ್ರತಿ ವಿದ್ಯಾರ್ಥಿಗೆ ಒಂದೊಂದು ಪಟ್ಟಿ ಮಾಡುವುದೇ ಓದುಗರಿಗೆ ಅನುಕೂಲ.

ಸಾಲು ಉದ್ದವಾದಾಗ ಪದವನ್ನು ನಡುವೆ ಕತ್ತರಿಸಿ ‘ಹೊಂದಿಸುವ’ ಚಾಳಿಯೂ ಕೆಲವರಿಗಿದೆ. ಕನ್ನಡದಲ್ಲಿ ಇದು ಅಪಾಯ. ‘ಣ’ ಅಕ್ಷರ ಮತ್ತು ಸಂಖ್ಯಾಸೂಚಕ ಎರಡಕ್ಕೂ 3-4-5-6 ಚುಕ್ಕಿಗಳೇ, ‘ಇ’ಕಾರಕ್ಕೂ 9ಕ್ಕೂ 2-4 ಚುಕ್ಕಿಗಳೇ. ‘ಗಣಿತ’ವನ್ನು ‘ಗ’ ಆದ ಮೇಲೆ ಮುರಿದರೆ ಮುಂದಿನ ಸಾಲು ಬೆರಳಿಗೆ 9 ಎಂದೇ ಶುರುವಾಗುತ್ತದೆ.

ಇನ್ನು ಕೋಡ್. ಡಿಬಿಟಿಯನ್ನು ಇಂಗ್ಲಿಷಿನ ಏಕೀಕೃತ ಬ್ರೈಲ್ ಪದ್ಧತಿಯಾದ ಯುಇಬಿಯ ಸಂಕ್ಷಿಪ್ತ ಬ್ರೈಲ್‌ನಲ್ಲೇ ಬಿಟ್ಟು ಪೈಥಾನ್ ಪಾಠ ಕೊಟ್ಟರೆ ‘ಫಾರ್’, ‘ಆ್ಯಂಡ್’, ‘ವಿತ್’ ಮೂರೂ ಒಂದೊಂದು ಸೆಲ್ಲಿಗೆ ಕುಗ್ಗುತ್ತವೆ. ಕೋಡ್ ಕಲಿಯುವವರಿಗೆ ಕೀಲಿಪದದ ಕಾಗುಣಿತ ಅಕ್ಷರಕ್ಷರ ಸಿಗಬೇಕು, ಆದ್ದರಿಂದ ಆ ಭಾಗವನ್ನು ಆಯ್ದು ಸಂಕ್ಷೇಪವಿಲ್ಲದ ಗ್ರೇಡ್ 1ಕ್ಕೆ ಬದಲಿಸುವುದು ಕಡ್ಡಾಯ. ಆಗ ಸಾಲು ಹಿಗ್ಗುತ್ತದೆ. ಆವರಣ ಚಿಹ್ನೆ ತಲಾ 2 ಸೆಲ್, ಸಮ ಚಿಹ್ನೆ 2, ಅಂಡರ್‌ಸ್ಕೋರ್ 2. ‘ಎಕ್ಸ್ = 10’ ಎಂಬ ಸಾಲು ಇಂಗ್ಲಿಷ್ ಅಚ್ಚಿನಲ್ಲಿ ಸ್ಪೇಸ್ ಸೇರಿ 6 ಸ್ಥಾನ, ಗ್ರೇಡ್ 1 ಭಾಗದೊಳಗೆ 8 ಸೆಲ್. ಪೈಥಾನ್ ಶೈಲಿಯ ಮಿತಿ 79 ಅಕ್ಷರ, ಬ್ರೈಲ್ ಹಾಳೆಯದು 40 ಸೆಲ್. ಮುರಿಯದೆ ವಿಧಿಯಿಲ್ಲ.

ಮುರಿದದ್ದು ಓದುಗರಿಗೆ ತಿಳಿಯುವಂತಿರಬೇಕು. ಸಾಲು ಮುಂದುವರಿದಿದೆ ಎನ್ನಲು ಯುಇಬಿಯಲ್ಲಿ ಸಾಲಿನ ಕೊನೆಗೆ 5ನೇ ಚುಕ್ಕಿ ಹಾಕುತ್ತಾರೆ, ಸ್ಪೇಸ್ ಇದ್ದ ಕಡೆಯೇ ಮುರಿದಿದ್ದರೆ ಎರಡು ಸಲ. ಇದನ್ನು ತಂತ್ರಾಂಶದ ಕೈಗೆ ಬಿಟ್ಟು ಕೂರಬೇಡಿ. ಉದ್ದದ ಸಾಲುಗಳನ್ನು ಮೊದಲೇ ಗುರುತಿಸಿ, ಅಲ್ಪವಿರಾಮದ ನಂತರವೋ ಗಣಿತ ಚಿಹ್ನೆಯ ಬಳಿಯೋ ಕೈಯಾರೆ ಮುರಿಯಿರಿ. ಒಳಸರಿತದ ವಿಷಯವೂ ಇದೆ. ಒಂದು ಹಂತಕ್ಕೆ 4 ಸ್ಪೇಸ್ ಎಂದರೆ ಮೂರನೇ ಹಂತಕ್ಕೆ ಹೋಗುವಷ್ಟರಲ್ಲಿ 12 ಸೆಲ್ ಖಾಲಿ, ಉಳಿಯುವುದು 28. ಹಂತಕ್ಕೆ 2 ಸೆಲ್ ಇಟ್ಟು, ಆರಂಭದಲ್ಲೇ ಲಿಪ್ಯಂತರಕಾರರ ಟಿಪ್ಪಣಿಯಲ್ಲಿ ಹಾಗೆಂದು ತಿಳಿಸುವುದು ಮೇಲು. ಡಿಬಿಟಿಯಲ್ಲಿ ಇದನ್ನೆಲ್ಲ ಮಾಡಬಹುದು, ಆದರೆ ಒಂದೇ ಗುಂಡಿಯಲ್ಲಿ ಆಗುವಂಥದ್ದಲ್ಲ. ಕೋಡ್ ಪುಸ್ತಕಗಳೇ ನಿಮ್ಮ ಮುಖ್ಯ ಕೆಲಸವಾದರೆ ಇದಕ್ಕೆ ತಗಲುವ ಹೊತ್ತನ್ನೂ ಬೆಲೆಯ ಜೊತೆ ಲೆಕ್ಕ ಹಾಕಿ.

ಪದ್ಯಕ್ಕೆ ಇಷ್ಟು ಪಾಡಿಲ್ಲ. ವರ್ಡ್‌ನಲ್ಲಿ ಸಾಲಿನ ಕೊನೆಗೆ ಶಿಫ್ಟ್ + ಎಂಟರ್, ಚರಣದ ಕೊನೆಗೆ ಎಂಟರ್. ಪದ್ಯದ ಸಾಲು 1ನೇ ಸೆಲ್‌ನಿಂದ, ಸಾಲಿನಲ್ಲಿ ಹಿಡಿಯದೆ ಉಕ್ಕಿ ಬಂದ ಭಾಗ 3ನೇ ಸೆಲ್‌ನಿಂದ. ಷಟ್ಪದಿಯ ಮೂರನೇ ಮತ್ತು ಆರನೇ ಸಾಲುಗಳು ಉದ್ದ, ಉಕ್ಕುವುದಾದರೆ ಅವೇ. ಡಿಬಿಟಿಗೆ ತಂದಮೇಲೆ ಆಲ್ಟ್ + ಎಫ್3 ಒತ್ತಿ, ಮರೆಯಲ್ಲಿರುವ ವಿನ್ಯಾಸದ ಕೋಡ್‌ಗಳನ್ನು ಬಯಲು ಮಾಡಿ, ಪ್ರತಿ ಸಾಲಿಗೂ ಸಾಲುಮುರಿತ ಬಂದಿದೆಯೇ ನೋಡಿ. ಈ ಒಂದು ಸೌಲಭ್ಯಕ್ಕಾಗಿಯೇ ಡಿಬಿಟಿ ಇಷ್ಟವಾಗುತ್ತದೆ. ಎಲ್ಲಿ ಏನು ತಪ್ಪಿದೆ ಎಂಬುದು ಊಹೆಗೆ ಉಳಿಯುವುದಿಲ್ಲ.

ಹಳೆಯ ನುಡಿ, ಬರಹ ಕಡತಗಳಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಆ ಫಾಂಟುಗಳ ಹಿಂದೆ ಕನ್ನಡ ಸಂಕೇತವೇ ಇರುವುದಿಲ್ಲ, ಬ್ರೈಲ್‌ನಲ್ಲಿ ಕಸ ಬರುತ್ತದೆ.

ತಿದ್ದುಪಡಿ ಎಲ್ಲಿ ಮಾಡಬೇಕು ಎನ್ನುವುದೂ ಮುಖ್ಯ. ಮೂಲ ಪಠ್ಯ ಒಂದು ಕಡತ, ಬ್ರೈಲ್ ಇನ್ನೊಂದು. ಬ್ರೈಲ್ ಕಡತದಲ್ಲಿ ಕೂತು ಕಾಲಂ ನೇರ ಮಾಡಿ, ಆಮೇಲೆ ಮೂಲದಲ್ಲಿ ಒಂದು ಅಕ್ಷರ ತಿದ್ದಿ ಮತ್ತೆ ಅನುವಾದಿಸಿದರೆ ಹೊಸ ಬ್ರೈಲ್ ಕಡತದಲ್ಲಿ ಆ ಶ್ರಮವೆಲ್ಲ ಇರುವುದಿಲ್ಲ. ಕಾಗುಣಿತ, ಪ್ರೂಫ್ ಎಲ್ಲ ಮೂಲದಲ್ಲಿ ಮುಗಿಸಿ, ಸೆಲ್ ಎಣಿಸಿ ಸರಿಸುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಅಂಧರಿಗಾಗಿ ಪುಸ್ತಕ ಮುದ್ರಿಸುವ ಅಮೆರಿಕದ ಸಂಸ್ಥೆ ಎಪಿಎಚ್ ಉಚಿತವಾಗಿ ಕೊಡುವ ಬ್ರೈಲ್‌ಬ್ಲಾಸ್ಟರ್ ಮೂಲ ಮತ್ತು ಬ್ರೈಲ್ ಎರಡನ್ನೂ ಅಕ್ಕಪಕ್ಕದಲ್ಲೇ ತೋರಿಸುತ್ತದೆ. ಇಂಗ್ಲಿಷ್ ಪಠ್ಯಪುಸ್ತಕ ಮಾತ್ರ ಮಾಡುವವರು ಡಿಬಿಟಿಗೆ ದುಡ್ಡು ಹಾಕುವ ಮುನ್ನ ಅದನ್ನು ನೋಡುವುದು ಒಳ್ಳೆಯದು. ಕನ್ನಡ, ಇಂಗ್ಲಿಷ್ ಬೆರೆತ ಶಾಲಾ ಸಾಮಗ್ರಿಗೆ ನನ್ನ ಮತ ಈಗಲೂ ಡಿಬಿಟಿಗೇ.

ಹಾಳೆಯ ಅಳತೆಯನ್ನು ಮೊದಲ ದಿನವೇ ನಿರ್ಧರಿಸಿ. 40 ಸೆಲ್ಲಿಗೆ ಕೈಯಾರೆ ಹೊಂದಿಸಿದ ಕೋಡನ್ನು ಎ4 ಹಾಳೆಯ 30–32 ಸೆಲ್ಲಿಗೆ ಇಳಿಸಿದರೆ ಪ್ರತಿ ಉದ್ದ ಸಾಲನ್ನೂ ಮತ್ತೆ ಮುರಿಯಬೇಕು. ಎಂಬಾಸರ್‌ನ (ಬ್ರೈಲ್ ಮುದ್ರಣಯಂತ್ರದ) ಸ್ವಂತ ಸೆಟ್ಟಿಂಗ್‌ನಲ್ಲೂ ಅದೇ ಸೆಲ್ ಸಂಖ್ಯೆ ಇರಲಿ. ಕಡತದಲ್ಲಿ 40, ಯಂತ್ರದಲ್ಲಿ 38 ಇದ್ದರೆ ತುಂಬಿದ ಪ್ರತಿ ಸಾಲಿನ ಕೊನೆಯ ಎರಡು ಸೆಲ್ ಕತ್ತರಿಸಿಹೋಗುತ್ತವೆ ಅಥವಾ ಕೆಳಗಿನ ಸಾಲಿಗೆ ಬೀಳುತ್ತವೆ, ಮುಂದುವರಿಕೆಯ 5ನೇ ಚುಕ್ಕಿಯೂ ಅವುಗಳ ಜೊತೆಗೇ.