ನಾಯ್ಸ್ ಬಾಕ್ಸ್ ಕಿಟ್: ಚಿಪ್‌ಗಳಿಗೆ ಪೂರ್ತಿ ಅಂಕ, ಬೋರ್ಡಿಗೆ ಅರ್ಧ

ನಾವೇ ಬೆಸೆದು ಜೋಡಿಸಬೇಕಾದ ಈ ಕಿಟ್ಟನ್ನು ಸಂಗೀತ ವಾದ್ಯ ಅಂದುಕೊಂಡು ಕೊಂಡರೆ ಬೇಜಾರಾಗುತ್ತದೆ. ಇದು ಗಲಾಟೆ ಮಾಡುವ ಪೆಟ್ಟಿಗೆ, ಅಷ್ಟೇ. ಆದರೆ ಆ ಗಲಾಟೆ ಎಲ್ಲಿಂದ ಹುಟ್ಟುತ್ತದೆ ಅಂತ ಬೋರ್ಡ್ ನೋಡಿದರೇ ಗೊತ್ತಾಗುತ್ತದೆ. ನನಗೆ ಹಿಡಿಸಿದ್ದು ಅದೇ.

ಡಬ್ಬಿಯಲ್ಲಿ ಒಂದು 40106, ಒಂದು 4093, ನಾಲ್ಕು ನಾಬ್, ಒಂದು ಎಲ್‌ಡಿಆರ್ (ಬೆಳಕು ಬಿದ್ದಷ್ಟೂ ರೆಸಿಸ್ಟೆನ್ಸ್ ಇಳಿಯುವ ರೆಸಿಸ್ಟರ್), ಒಂದಿಷ್ಟು ರೆಸಿಸ್ಟರ್, ಕೆಪಾಸಿಟರ್, 9 ವೋಲ್ಟ್ ಬ್ಯಾಟರಿ ಕ್ಲಿಪ್ ಇವೆ. 40106, 4093 ಎರಡೂ ಹೌದು-ಇಲ್ಲ ಲೆಕ್ಕ ಮಾಡುವ ಲಾಜಿಕ್ ಚಿಪ್, ಹಾಡೋಕೆ ಹುಟ್ಟಿದವಲ್ಲ. 40106ರಲ್ಲಿ ಆರು ಶ್ಮಿಟ್ ಟ್ರಿಗರ್ ಇನ್ವರ್ಟರ್ ಇವೆ, ಅಂದರೆ ಇನ್‌ಪುಟ್ ಮೇಲಿದ್ದರೆ ಔಟ್‌ಪುಟ್ ಕೆಳಗೆ, ಕೆಳಗಿದ್ದರೆ ಮೇಲೆ ಮಾಡುವ ಭಾಗಗಳು, ಮೇಲೇರುವಾಗ ಒಂದು ಮಟ್ಟದಲ್ಲಿ, ಇಳಿಯುವಾಗ ಅದಕ್ಕಿಂತ ಕೆಳಗಿನ ಮಟ್ಟದಲ್ಲಿ ಮಗುಚುವಂಥವು. ಒಂದರ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ರೆಸಿಸ್ಟರ್, ಇನ್‌ಪುಟ್‌ನಿಂದ ಗ್ರೌಂಡ್‌ಗೆ ಕೆಪಾಸಿಟರ್. ಕೆಪಾಸಿಟರ್ ತುಂಬಿದಾಗ ಚಿಪ್ ಮಗುಚುತ್ತದೆ, ಖಾಲಿಯಾದಾಗ ಮತ್ತೆ ಮಗುಚುತ್ತದೆ. ಆಯ್ತು, ತಾನಾಗೇ ಮೇಲೆ ಕೆಳಗೆ ಆಗುತ್ತಲೇ ಇರುವ ಆಸಿಲೇಟರ್ ರೆಡಿ.

ನಿಜವಾದ ಮಜಾ ಇರುವುದು 4093ರಲ್ಲಿ. ಅದರ ನಾಲ್ಕು ನ್ಯಾಂಡ್ ಗೇಟುಗಳೂ (ಎರಡೂ ಇನ್‌ಪುಟ್ ಮೇಲಿದ್ದರೆ ಮಾತ್ರ ಔಟ್‌ಪುಟ್ ಕೆಳಗಿಳಿಸುವಂಥವು) ಹೀಗೇ ಆಸಿಲೇಟರ್ ಆಗುತ್ತವೆ, ಆದರೆ ಪ್ರತಿಯೊಂದಕ್ಕೂ ಇನ್ನೊಂದು ಇನ್‌ಪುಟ್ ಜಾಸ್ತಿ ಇದೆ. ಅದಕ್ಕೆ ವೋಲ್ಟೇಜ್ ಕೊಟ್ಟರೆ ಸದ್ದು, ಗ್ರೌಂಡ್‌ಗೆ ಹಿಡಿದರೆ ಗಪ್‌ಚುಪ್. 40106ರ ನಿಧಾನದ ಆಸಿಲೇಟರನ್ನು ಅಲ್ಲಿಗೆ ಜೋಡಿಸಿ, ಅದರ ನಾಬನ್ನು ಮೆಲ್ಲಗೆ ಏರಿಸುತ್ತಾ ಹೋಗಿ: ಮೊದಲು ಪೀಪ್, ಪೀಪ್ ಅಂತ ಎಣಿಸಬಹುದಾದ ಸದ್ದು, ಆಮೇಲೆ ಗರಗರ, ಸೆಕೆಂಡಿಗೆ ಇಪ್ಪತ್ತು ಮೂವತ್ತು ಸಲ ದಾಟಿದ ಮೇಲೆ ಬೇರೆ ಬೇರೆ ಅಂತ ಕೇಳಿಸುವುದೇ ನಿಂತು ಎರಡೂ ಸೇರಿ ಮೂರನೆಯದೇ ಒಂದು ಒರಟು ದನಿಯಾಗುತ್ತದೆ. ಎಲ್‌ಡಿಆರ್ ಮೇಲೆ ಕೈ ಅಡ್ಡ ಹಿಡಿದರೆ ಶ್ರುತಿ ಜಾರಿ ಕೆಳಗಿಳಿಯುತ್ತದೆ, ಬೆರಳು ಬಿಡಿಸಿದರೆ ಕಿರುಚುತ್ತಾ ಮೇಲೇರುತ್ತದೆ. ಮನೆಯವರ ತಾಳ್ಮೆ ಎಷ್ಟಿದೆ ಅಂತಲೂ ಗೊತ್ತಾಗುತ್ತದೆ ಬಿಡಿ.

ಈಗ ತಕರಾರು. ನಾಬ್‌ಗಳೆಲ್ಲ 1 ಮೆಗಾಓಮ್ ಲೀನಿಯರ್ ಪಾಟ್, ಅಂದರೆ ತಿರುಗಿಸಿದಷ್ಟೇ ಸಮನಾಗಿ ಬದಲಾಗುವ ರೆಸಿಸ್ಟರ್. ಆವರ್ತನ ರೆಸಿಸ್ಟೆನ್ಸ್‌ಗೆ ವಿಲೋಮ, ಅಲ್ವಾ? ಹಾಗಾಗಿ ಅರ್ಧ ಸುತ್ತು ತಿರುಗಿಸಿದರೆ ಏರುವುದು ಹೆಚ್ಚುಕಮ್ಮಿ ಒಂದೇ ಸ್ಥಾಯಿ. ಉಳಿದ ಸ್ಥಾಯಿಗಳೆಲ್ಲ ಇನ್ನರ್ಧದಲ್ಲಿ, ಅದರಲ್ಲೂ ಕೊನೆಯಲ್ಲೇ ಜಾಸ್ತಿ, ಒತ್ತಿಕೊಂಡು ಕೂತಿವೆ. ಅಲ್ಲಿ ಕೂದಲೆಳೆಯಷ್ಟು ಅಲುಗಿಸಿದರೂ ಸದ್ದು ಎಲ್ಲಿಗೋ ಹಾರುತ್ತದೆ. ಕೊನೆಗೆ ಬಂದಂತೆ ನಿಧಾನವಾಗಿ ಬದಲಾಗುವ ರಿವರ್ಸ್ ಲಾಗ್ ಪಾಟ್ ಹಾಕಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

40106ರ ಆರರಲ್ಲಿ ಬಳಸಿರುವುದು ನಾಲ್ಕು. ಉಳಿದೆರಡರ ಇನ್‌ಪುಟ್ ಸುಮ್ನೆ ಗಾಳಿಯಲ್ಲಿ ಬಿಟ್ಟಿದ್ದಾರೆ. ಇಂಥ ಸಿಮಾಸ್ ಜಾತಿಯ ಚಿಪ್‌ನಲ್ಲಿ ಹಾಗೆ ಬಿಡಬಾರದು. ಹತ್ತಿರ ಕೈ ತಂದರೂ ಅವು ತಮಗೆ ತೋಚಿದಂತೆ ಮಗುಚುತ್ತವೆ, ಬ್ಯಾಟರಿಯನ್ನೂ ದಂಡ ಮಾಡುತ್ತವೆ. 11 ಮತ್ತು 13ನೇ ಪಿನ್‌ನಿಂದ ಗ್ರೌಂಡ್‌ಗೆ ಎರಡು ತುಂಡು ವೈರ್ ಬೆಸೆದರೆ ಮುಗಿಯಿತು, ಆದರೆ ಅದನ್ನು ಬೋರ್ಡ್ ಮಾಡಿದವರೇ ಮಾಡಬೇಕಿತ್ತು.

ಕೈಪಿಡಿಯಲ್ಲಿ 40106 ಸಿಗದಿದ್ದರೆ 74ಎಚ್‌ಸಿ14 ಹಾಕಿ ಅಂತ ಬರೆದಿದ್ದಾರೆ. ದಯವಿಟ್ಟು ಬೇಡ. ಪಿನ್‌ಗಳೇನೋ ಹೊಂದುತ್ತವೆ, ಆದರೆ ಅದು 6 ವೋಲ್ಟ್ ಒಳಗಿನ ಚಿಪ್, ಇಲ್ಲಿರುವುದು 9 ವೋಲ್ಟ್. ಔಟ್‌ಪುಟ್ ಜ್ಯಾಕ್ ಕಥೆಯೂ ಅಷ್ಟೇ. ಹೆಚ್ಚುಕಮ್ಮಿ ಬ್ಯಾಟರಿಯಷ್ಟೇ ಎತ್ತರದ ಚೌಕ ಅಲೆ ನೇರ ಆಚೆ ಬರುತ್ತದೆ, ವಾಲ್ಯೂಮ್ ನಾಬ್ ಇಲ್ಲ. ಹೆಡ್‌ಫೋನ್ ಕಿವಿಗಿಟ್ಟುಕೊಂಡು ಚುಚ್ಚಬೇಡಿ. ಮಧ್ಯೆ 100 ಕಿಲೋಓಮ್ ರೆಸಿಸ್ಟರ್, ಆಮೇಲೆ ಗ್ರೌಂಡ್‌ಗೆ 10 ಕಿಲೋಓಮ್ ಪಾಟ್ ಹಾಕಿ, ಅದರ ನಡುವಿನ ಕಾಲಿನಿಂದ ಆಂಪ್ಲಿಫೈಯರ್‌ಗೆ ಕೊಡಿ.

ಬೆಸುಗೆಯಿಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ಬಳಸಿ ಅಭ್ಯಾಸವಿದ್ದವರು ಬಿಡಿ ಚಿಪ್‌ಗಳನ್ನೇ ತಗೊಳ್ಳಿ. ಬೆಸುಗೆ ಕಲಿಯುತ್ತಿರುವವರಿಗೆ ಕಿಟ್ ಪರವಾಗಿಲ್ಲ, ಐಸಿ ಸಾಕೆಟ್ ಕೊಟ್ಟಿದ್ದಾರೆ, ಪ್ಯಾಡ್‌ಗಳು ದೊಡ್ಡದಾಗಿವೆ. ಯಾರೇ ಆದರೂ ಜೊತೆಗೊಂದು 4040 ತರಿಸಿಕೊಳ್ಳಿ, ಅದು ಬಂದ ಆವರ್ತನವನ್ನು ಮತ್ತೆ ಮತ್ತೆ ಅರ್ಧ ಮಾಡುವ ಚಿಪ್. 16ನೇ ಪಿನ್‌ಗೆ ಬ್ಯಾಟರಿ ಪ್ಲಸ್, 8 ಮತ್ತು 11 ಗ್ರೌಂಡ್‌ಗೆ, ಆಸಿಲೇಟರ್ 10ಕ್ಕೆ. 9ನೇ ಪಿನ್‌ನಲ್ಲಿ ಅದೇ ಸದ್ದು ಒಂದು ಸ್ಥಾಯಿ ಕೆಳಗೆ ಸಿಗುತ್ತದೆ, ಉಳಿದ ಔಟ್‌ಪುಟ್‌ಗಳಲ್ಲಿ ಇನ್ನೂ ಕೆಳಗೆ.