ಮಳೆಗೆ ಮುದುಡಿದೆ ಎಂದರೆ ನಂಬಬೇಡಿ: ಆಶ್ರಯಧಾಮದಿಂದ ಬೆಕ್ಕು ತರುವವರಿಗೆ ಎಚ್ಚರಿಕೆ

ಕೊಡಗಿನಲ್ಲಿ ಪ್ರಾಣಿಗಳ ಆಶ್ರಯಧಾಮದಿಂದ ಬೆಕ್ಕಿನ ಮರಿ ತರಲು ಹೊರಟವರು ದಯವಿಟ್ಟು ಇದನ್ನು ಓದಿ. ಜುಲೈ ಕೊನೆಯಲ್ಲಿ ನಾವು ತಂದ ನಾಲ್ಕು ತಿಂಗಳ ಹೆಣ್ಣು ಮರಿ ವಾರ ತುಂಬುವ ಮೊದಲೇ ಸತ್ತುಹೋಯಿತು. ಕಾಯಿಲೆಯ ಗುರುತುಗಳು ಅಲ್ಲಿದ್ದಾಗಲೇ ಅದರ ಮೈಮೇಲಿದ್ದವು. ನಾವು ಕೇಳಿದೆವು ಕೂಡ. ಅಲ್ಲಿನವರು ಎಲ್ಲಕ್ಕೂ ಮಳೆಯನ್ನೇ ಕಾರಣವಾಗಿ ಹೇಳಿದರು.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ತೋಟದ ಮನೆಯ ಬೆಕ್ಕು ಒಲೆಯ ಪಕ್ಕ ಬಿಟ್ಟು ಏಳುವುದಿಲ್ಲ ಎಂಬುದು ನಿಜ. ಅದಕ್ಕೇ ಈ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಚಳಿಗೆ ಮುದುಡುವುದು ಬೇರೆ, ನೋವಿಗೆ ಮುದುಡುವುದು ಬೇರೆ. ಚಳಿಯಾದ ಬೆಕ್ಕು ಸುರುಳಿ ಸುತ್ತಿ, ಬಾಲವನ್ನು ಮೂಗಿನವರೆಗೆ ಎಳೆದುಕೊಂಡು ನಿದ್ದೆ ಹೋಗುತ್ತದೆ. ಮೀನಿನ ವಾಸನೆ ಬಂದರೆ ತಟ್ಟನೆ ತಲೆಯೆತ್ತುತ್ತದೆ. ನಮ್ಮ ಮರಿ ನಾಲ್ಕೂ ಪಾದಗಳನ್ನು ಹೊಟ್ಟೆಯಡಿಗೆ ಸೇರಿಸಿ, ಬೆನ್ನು ಗೂನಾಗಿಸಿ, ತಲೆ ತಗ್ಗಿಸಿ ಕುಳಿತಿತ್ತು. ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ಕಣ್ಣಿನ ಒಳಮೂಲೆಯಿಂದ ಬಿಳಿಯ ಪೊರೆ ಅರ್ಧಕ್ಕೆ ಬಂದಿತ್ತು. ಅದು ಬೆಕ್ಕಿನ ಮೂರನೆಯ ರೆಪ್ಪೆ. ಆರೋಗ್ಯವಾಗಿ ಎಚ್ಚರವಿರುವ ಬೆಕ್ಕಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಬೆನ್ನಿನ ಕೂದಲು ಜಿಡ್ಡುಗಟ್ಟಿ ಎದ್ದು ನಿಂತಿತ್ತು, ಅಂದರೆ ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟಿತ್ತು.

ನನ್ನನ್ನು ಈಗಲೂ ಕಾಡುವುದು ನೀರಿನ ಬಟ್ಟಲು. ಅದರ ಅಂಚಿಗೆ ಗದ್ದವಿಟ್ಟು ನೀರನ್ನೇ ನೋಡುತ್ತಿತ್ತು, ಒಂದು ಗುಟುಕೂ ಕುಡಿಯಲಿಲ್ಲ. ಏನಾಗಿದೆ ಎಂದು ಕೇಳಿದ್ದಕ್ಕೆ, "ಬಹಳ ಸಾಧು ಮರಿ ಅಕ್ಕ, ಪರಚುವುದೇ ಇಲ್ಲ. ಮಳೆಗೆ ಹೀಗಿದೆ, ಮನೆಯ ಬೆಚ್ಚಗೆ ಸಿಕ್ಕಿದರೆ ಓಡಾಡುತ್ತದೆ" ಎಂದರು. ಬಾಯಾರಿಕೆಯಿದ್ದರೂ ವಾಕರಿಕೆಯಿಂದ ಕುಡಿಯಲಾಗದ ಬೆಕ್ಕು ಹೀಗೆ ಕುಳಿತುಕೊಳ್ಳುತ್ತದೆ, ಬೆಕ್ಕುಗಳಿಗೆ ವೈರಸ್‌ನಿಂದ ಬರುವ ಪ್ಯಾನ್‌ಲ್ಯೂಕೋಪೀನಿಯಾ ಎಂಬ ರೋಗದಲ್ಲಿ ಇದು ಪದೇ ಪದೇ ಕಾಣುವ ಭಂಗಿ ಎಂದು ಪಶುವೈದ್ಯರು ಆಮೇಲೆ ತಿಳಿಸಿದರು.

ಮನೆಗೆ ಬಂದ ರಾತ್ರಿಯೇ ಹಳದಿ ನೊರೆಯ ವಾಂತಿ ಶುರುವಾಯಿತು. ಬೆಳಿಗ್ಗೆ ವೈದ್ಯರು ನೋಡಿದಾಗ ಜ್ವರ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು, ಬೆಕ್ಕಿಗೆ 100.5ರಿಂದ 102.5 ಸಹಜ. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ತೀರಾ ಕುಸಿದಿದ್ದವು. ಈ ವೈರಸ್ ಕರುಳಿನ ಒಳಪದರವನ್ನೂ ಮೂಳೆಯ ಮಜ್ಜೆಯನ್ನೂ ಒಟ್ಟಿಗೆ ಹಾಳು ಮಾಡುತ್ತದೆ. ಸಲೈನ್, ವಾಂತಿ ನಿಲ್ಲಿಸುವ ಚುಚ್ಚುಮದ್ದು, ಆಂಟಿಬಯಾಟಿಕ್ ಎಲ್ಲವನ್ನೂ ಕೊಟ್ಟರು. ಮರಿ ಉಳಿಯಲಿಲ್ಲ.

ಇನ್ನು ಲಸಿಕೆಯ ವಿಷಯ. "ಲಸಿಕೆ ಆಗಿದೆ" ಎಂದು ಬಾಯಲ್ಲಿ ಹೇಳಿದ್ದರು. ಕಾರ್ಡನ್ನು ಹಲವು ಬಾರಿ ಕೇಳಿದ ಮೇಲೆ ಕಳುಹಿಸಿದರು. ಅದರಲ್ಲಿದ್ದದ್ದು ರೇಬಿಸ್ ಲಸಿಕೆ ಮಾತ್ರ. ಪ್ಯಾನ್‌ಲ್ಯೂಕೋಪೀನಿಯಾಕ್ಕೆ ಬೇರೆ ಲಸಿಕೆಯಿದೆ. ಅದನ್ನು ಮರಿಗೆ 6ರಿಂದ 8 ವಾರವಾದಾಗ ಆರಂಭಿಸಿ, 16 ವಾರ ತುಂಬುವವರೆಗೆ 3-4 ವಾರಕ್ಕೊಮ್ಮೆ ಕೊಡಬೇಕು. ಕಾರ್ಡಿನಲ್ಲಿ ಲಸಿಕೆಯ ಹೆಸರು ಮತ್ತು ತಾರೀಖನ್ನು ನೀವೇ ಓದಿ. ಜನ ಪ್ರೀತಿಯಿಂದ ಮರಿ ಒಯ್ಯಲು ಬರುತ್ತಾರೆ, ಅವರಿಗೆ ಅರ್ಧ ಸತ್ಯ ಹೇಳಿ ಕಳುಹಿಸುವುದು ಅನ್ಯಾಯ. ಜಾಗವಿಲ್ಲ, ಹಣವಿಲ್ಲ, ಕೈಯಾಳುಗಳಿಲ್ಲ ಎಂಬ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಕಾಯಿಲೆಯ ಮರಿಯನ್ನು ಸಾಧು ಎಂದು ಹೊಗಳಿ ಕೊಡುವುದಕ್ಕೆ ಅದು ಕಾರಣವಾಗಬಾರದು.

ಮರಿ ನೋಡಲು ಹೋದಾಗ ಅವಸರ ಮಾಡಬೇಡಿ. ನಿಮ್ಮೆದುರೇ ಊಟ ಹಾಕಿಸಿ, ತಿನ್ನುತ್ತದೆಯೇ ನೋಡಿ. ತುಟಿ ಸರಿಸಿ ವಸಡು ನೋಡಿ. ಬಿಳಿಚಿದ್ದರೆ ಅಥವಾ ಹಳದಿಯಾಗಿದ್ದರೆ ವೈದ್ಯರಿಗೆ ತೋರಿಸದೆ ತರಬೇಡಿ. ನಿದ್ದೆಯಲ್ಲಿರುವಾಗ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು ಬರುತ್ತಿದ್ದರೂ ಅಷ್ಟೇ. ಅದೇ ಗೂಡಿನ ಬೇರೆ ಮರಿಗಳು ಹೇಗಿವೆ, ಇತ್ತೀಚೆಗೆ ಯಾವುದಾದರೂ ಸತ್ತಿದೆಯೇ ಎಂದು ನೇರವಾಗಿ ಕೇಳಿ. ಮನೆಗೆ ತಂದ ಮೇಲೂ ಎರಡು ವಾರ ಬೇರೆ ಕೋಣೆ, ಬೇರೆ ಬಟ್ಟಲು ಇರಲಿ. ನಮ್ಮ ಹಳೆಯ ಬೆಕ್ಕು ಉಳಿದದ್ದು ಅದಕ್ಕೆ ಲಸಿಕೆ ಪೂರ್ತಿಯಾಗಿದ್ದರಿಂದ.

ಜ್ವರ ಕಂಡರೆ ಪ್ಯಾರಸಿಟಮಾಲ್ ಅರ್ಧ ಮಾತ್ರೆ ಕೊಡಿ ಎಂದು ನೆರೆಯವರೊಬ್ಬರು ಹೇಳಿದರು. ದಯವಿಟ್ಟು ಕೊಡಬೇಡಿ, ಬೆಕ್ಕಿಗೆ ಅದು ವಿಷ. ಫಿನಾಯಿಲ್ ಕೂಡ ಬೆಕ್ಕಿಗೆ ಹಾನಿಕರ. ಈ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಉಳಿಯಬಲ್ಲದು. ನೆಲವನ್ನು ಮೊದಲು ಸೋಪಿನಿಂದ ತೊಳೆದು, 1 ಪಾಲು ಬ್ಲೀಚ್ ದ್ರಾವಣಕ್ಕೆ 32 ಪಾಲು ನೀರು ಬೆರೆಸಿ 10 ನಿಮಿಷ ಒದ್ದೆಯಾಗಿಡಿ. ಒಣಗುವವರೆಗೆ ಬೆಕ್ಕನ್ನು ಒಳಗೆ ಬಿಡಬೇಡಿ. ಮನುಷ್ಯರಿಗೆ ಈ ರೋಗ ತಗಲುವುದಿಲ್ಲ, ಆದರೆ ಚಪ್ಪಲಿ, ಬಟ್ಟೆ, ಕೈಗಳ ಮೂಲಕ ಇನ್ನೊಂದು ಬೆಕ್ಕನ್ನು ಮುಟ್ಟುತ್ತದೆ.

ಮರಿ ಸತ್ತ ದಿನ ಆಶ್ರಯಧಾಮಕ್ಕೆ ಫೋನ್ ಮಾಡಿ ತಿಳಿಸಿದೆ. ಅದೇ ಗೂಡಿನ ಇನ್ನೆರಡು ಮರಿಗಳನ್ನು ಬೇರೆ ಮನೆಗಳಿಗೆ ಕೊಟ್ಟಾಗಿದೆ ಎಂದರು. ಆ ಮನೆಯವರಿಗೆ ಹೇಳಿದ್ದೀರಾ ಎಂದರೆ ಉತ್ತರ ಬರಲಿಲ್ಲ. ಈ ಮಳೆಗಾಲದಲ್ಲಿ ಮಡಿಕೇರಿ ಸುತ್ತಮುತ್ತ ಯಾರಾದರೂ ಆಶ್ರಯಧಾಮದಿಂದ ಮರಿ ತಂದಿದ್ದು, ಅದು ಊಟ ಬಿಟ್ಟು ನೀರಿನ ಬಟ್ಟಲಿನ ಮುಂದೆ ಕುಳಿತಿದ್ದರೆ ನಾಳೆಯವರೆಗೆ ಕಾಯಬೇಡಿ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಅನುಮಾನವನ್ನು ತಿಳಿಸಿ, ಅಲ್ಲಿಗೆ ಬರುವ ಬೇರೆ ಬೆಕ್ಕುಗಳನ್ನು ದೂರ ಇಡಲು ಅವರಿಗೂ ಅನುಕೂಲವಾಗುತ್ತದೆ.