ಎರಡು ಸಾವಿರದೊಳಗಿನ ಗಾಳದ ಕಿಟ್: ರಾಡ್ ಇಟ್ಟುಕೊಳ್ಳಿ, ದಾರ ಬಿಸಾಕಿ

ಆನ್‌ಲೈನ್‌ನಲ್ಲಿ 'ಫಿಶಿಂಗ್ ಕಿಟ್' ಅಂತ ಹುಡುಕಿದರೆ ಬರುವ ಅಗ್ಗದ ಸೆಟ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ. 2.1 ಮೀಟರ್‌ನ ಟೆಲಿಸ್ಕೋಪಿಕ್ (ಒಂದರೊಳಗೊಂದು ಸೇರಿಕೊಳ್ಳುವ) ರಾಡ್, 3000 ಸೈಜಿನ ಸ್ಪಿನ್ನಿಂಗ್ ರೀಲ್, ನೂರು ಮೀಟರ್ ದಾರ, ಒಂದು ಡಬ್ಬಿ ಗಾಳ, ಬಣ್ಣಬಣ್ಣದ ನಾಲ್ಕಾರು ಪ್ಲಾಸ್ಟಿಕ್ ಮೀನು. ಡಬ್ಬದ ಮೇಲಿನ ಹೆಸರು ಮಾತ್ರ ಬೇರೆ ಬೇರೆ. ಕೆರೆಯಲ್ಲಿ ಜಿಲೇಬಿ ಮೀನು (ತಿಲಾಪಿಯಾ), ಒಂದೆರಡು ಕೆಜಿ ತೂಗುವ ರೋಹು ಹಿಡಿಯೋಕೆ ಇದರ ರಾಡು, ರೀಲು ಸಾಕು. ದಾರವನ್ನೂ ಗಾಳವನ್ನೂ ನೀರಿಗಿಳಿಸುವ ಮೊದಲೇ ಬದಲಿಸಿ.

'ದೊಡ್ಡ ಮೀನು ಕಿತ್ಕೊಂಡು ಹೋಯ್ತು' ಅನ್ನೋ ಗೋಳಿಗೆ ಬಹುಪಾಲು ಕಾರಣ ಈ ದಾರವೇ. ರೀಲಿನಿಂದ ಬಿಚ್ಚಿದರೂ ಸುರುಳಿ ಸುರುಳಿಯಾಗೇ ನಿಲ್ಲುತ್ತದೆ, ಗಂಟಿನ ಹತ್ತಿರ ಪಟ್ಟನೆ ತುಂಡಾಗುತ್ತದೆ. ಅದರ ಬದಲು 0.30 ಮಿ.ಮೀ. ನೈಲಾನ್ ದಾರ ತನ್ನಿ. ದಪ್ಪ ಇದ್ದರೆ ಗಟ್ಟಿ ಅಂತ 0.45 ತಂದರೆ ರೀಲಿನ ಈ ಸಣ್ಣ ಸ್ಪೂಲಿನಿಂದ (ದಾರ ಸುತ್ತುವ ಉರುಳೆಯಿಂದ) ಅದು ಸಲೀಸಾಗಿ ಹರಿಯೋದಿಲ್ಲ, ಎಸೆತ ಅರ್ಧದಲ್ಲೇ ಬೀಳುತ್ತದೆ.

ಸುತ್ತುವಾಗ ಮೊದಲು ಬೇಲ್, ಅಂದರೆ ದಾರವನ್ನು ಸ್ಪೂಲಿನತ್ತ ತಿರುಗಿಸುವ ಬಳೆಯಂಥ ತಂತಿ ಎತ್ತಿ, ದಾರವನ್ನು ಸ್ಪೂಲಿಗೆ ಕಟ್ಟಿ, ಆಮೇಲೆ ಬೇಲ್ ಮುಚ್ಚಿ. ಬೇಲ್ ಮುಚ್ಚಿಟ್ಟೇ ಕಟ್ಟಿದರೆ ಎಷ್ಟು ತಿರುಗಿಸಿದರೂ ಒಂದು ಸುತ್ತೂ ಬೀಳಲ್ಲ. ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಬಿಗಿಯಾಗಿ ಸುತ್ತಿ, ಸ್ಪೂಲಿನ ಅಂಚಿಗೆ ಎರಡು ಮಿ.ಮೀ. ಬಾಕಿ ಇರುವಾಗ ನಿಲ್ಲಿಸಿ. ಪೂರ್ತಿ ತುಂಬಿಸಿದರೆ ಎಸೆದಾಗ ನಾಲ್ಕು ಸುತ್ತು ಒಟ್ಟಿಗೇ ಉದುರಿ ಸಿಕ್ಕಾಗುತ್ತದೆ. ಕಮ್ಮಿಯಾದರೆ ಅಂಚಿಗೆ ಉಜ್ಜಿ ದೂರ ಹೋಗಲ್ಲ. ಗಂಟು ಬಿಗಿಯುವ ಮುಂಚೆ ಎಂಜಲೋ ನೀರೋ ಹಚ್ಚಿ. ಒಣಗಂಟು ಎಳೆದರೆ ಉಜ್ಜಿದ ಬಿಸಿಗೇ ನೈಲಾನ್ ಸೋಲುತ್ತದೆ.

ಬ್ರೇಡ್ (ಎಳೆಗಳನ್ನು ಹೆಣೆದು ಮಾಡಿದ) ದಾರ ಹಾಕೋ ಆಸೆ ಇದ್ದರೆ ಅಡಿಗೆ ಏಳೆಂಟು ಮೀಟರ್ ನೈಲಾನ್ ಸುತ್ತಿ, ಇಲ್ಲದಿದ್ದರೆ ನುಣುಪಾದ ಸ್ಪೂಲಿನ ಮೇಲೆ ಇಡೀ ಸುರುಳಿಯೇ ಜಾರುತ್ತದೆ. ಜೊತೆಗೆ ರಾಡಿನ ಪ್ರತಿ ರಿಂಗಿನೊಳಗೂ ಒಂಚೂರು ಹತ್ತಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡ ಕಡೆ ಸೆರಾಮಿಕ್ ಒಡೆದಿದೆ ಅಂತ ಲೆಕ್ಕ, ಅಲ್ಲಿ ಬ್ರೇಡ್ ಸವೆದು ಹರಿಯುತ್ತದೆ. ಅಂಥ ರಾಡನ್ನು ವಾಪಸ್ ಕಳಿಸೋದೇ ಸರಿ.

ಗಾಳದ ನಂಬರ್ ತಿರುಗಾಮುರುಗಾ: 10 ಚಿಕ್ಕದು, 4 ದೊಡ್ಡದು, 1/0 ಅದಕ್ಕಿಂತ ದೊಡ್ಡದು, 4/0 ಇನ್ನೂ ದೊಡ್ಡದು. ಎರೆಹುಳ ಚುಚ್ಚಿ ಜಿಲೇಬಿಗೆ 8 ಅಥವಾ 10, ಹಿಟ್ಟಿನ ಉಂಡೆ ಕಟ್ಟಿ ರೋಹುಗೆ 4 ಅಥವಾ 6. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಹಗುರಾಗಿ ಎಳೆಯಿರಿ. ಜಾರಿದರೆ ಮೊಂಡು, ಕಚ್ಚಿ ನಿಂತರೆ ಚೂಪು. ಕಿಟ್ಟಿನ ಗಾಳ ಹೆಚ್ಚಿನವು ಜಾರುತ್ತವೆ.

ರೀಲಿನ ಮೇಲೆ '12+1 ಬೇರಿಂಗ್' ಅಂತ ಬರೆದದ್ದಕ್ಕೆ ಮರುಳಾಗಬೇಡಿ. ನೋಡಬೇಕಾದದ್ದು ಡ್ರ್ಯಾಗ್, ಅಂದರೆ ಮೀನು ಜೋರಾಗಿ ಜಗ್ಗಿದಾಗ ದಾರ ತುಂಡಾಗದಂತೆ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವ ರೀಲಿನ ಬ್ರೇಕ್. ದಾರ ತಡೆಯುವ ತೂಕದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಅದು ಬಿಡಬೇಕು. ಅಂದರೆ ನಾಲ್ಕು ಕೆಜಿ ದಾರಕ್ಕೆ ಒಂದು ಕೆಜಿಗೆ ಸ್ವಲ್ಪ ಮೇಲೆ. ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದು ಹೊಂದಿಸಿ. ಅಗ್ಗದ ರೀಲು ಮೊದಲು ಅಂಟಿಕೊಂಡು ಆಮೇಲೆ ಜರ್ಕ್ ಹೊಡೆದು ಬಿಡುತ್ತದೆ, ಮೀನು ತಪ್ಪೋದು ಆ ಕ್ಷಣದಲ್ಲೇ. ಮನೆಗೆ ಬಂದ ಮೇಲೆ ಡ್ರ್ಯಾಗ್ ಸಡಿಲಿಸಿಟ್ಟರೆ ಒಳಗಿನ ವಾಷರ್ ಅಮುಕಿಹೋಗದೆ ಈ ಕಾಟ ಕಮ್ಮಿಯಾಗುತ್ತದೆ.

ರಾಡ್ ಬಿಚ್ಚುವಾಗ ತುದಿಯಿಂದ, ಮಡಚುವಾಗ ಬುಡದಿಂದ. ಮರಳು ಹೊಕ್ಕು ಕೀಲು ಬಿಗಿದರೆ ತಿರುಚಿ ಬಿಡಿಸಿ, ಇಕ್ಕಳ ಹಾಕಿದರೆ ಸೀಳುತ್ತದೆ. ಗಾಳ ಕಲ್ಲಿಗೆ ಸಿಕ್ಕಿದಾಗ ರಾಡ್ ಎತ್ತಿ ಜಗ್ಗಬೇಡಿ, ತುದಿ ಮುರಿಯೋದೇ ಹೀಗೆ. ರಾಡನ್ನು ದಾರದ ನೇರಕ್ಕೆ ಹಿಡಿದು, ಕೈಗೆ ಬಟ್ಟೆ ಸುತ್ತಿ ದಾರವನ್ನೇ ಎಳೆಯಿರಿ.

ಕಳೆಯೊಳಗಿನ ಕೊರವ ಮೀನಿಗೆ ಈ ಕಿಟ್ ಆಗಿಬರಲ್ಲ. ಗಾಳದ ರಬ್ಬರ್ ಕಪ್ಪೆಯನ್ನು ಕಚ್ಚಿದ ಕೂಡಲೇ ಆ ಮೀನನ್ನು ಮೇಲಕ್ಕೆಳೆಯಲು ಬಿರುಸು ರಾಡ್, ದಪ್ಪ ಬ್ರೇಡ್ ಬೇಕು. ಅಳಿವೆಯ ಕೆಂಬೇರಿ ಮೀನಿಗೂ ಬೇಡ, ಅದು ಕಚ್ಚಿದ್ದೇ ಕಲ್ಲಿನ ಸಂದಿಗೆ ನುಗ್ಗುತ್ತದೆ. ಮೇಲಾಗಿ ಉಪ್ಪುನೀರಿಗೆ ಇದರ ರಿಂಗುಗಳು ಬೇಗ ತುಕ್ಕು ಹಿಡಿಯುತ್ತವೆ. ಕೆರೆಯಾದರೆ ಮೀನಿನ ಗುತ್ತಿಗೆ ಯಾರದ್ದು ಅಂತ ಕೇಳಿಯೇ ಕೂರಿ. ಕಾವೇರಿ ಕಣಿವೆಯ ಕಿತ್ತಳೆ ರೆಕ್ಕೆಯ ಮಹಶೀರ್ ಅಳಿವಿನಂಚಿನದು, ಅಪ್ಪಿತಪ್ಪಿ ಸಿಕ್ಕರೆ ನೀರಲ್ಲೇ ಗಾಳ ಬಿಡಿಸಿ ಬಿಟ್ಟುಬಿಡಿ.

ಇನ್ನು ಆ ಪ್ಲಾಸ್ಟಿಕ್ ಮೀನುಗಳು. ಒಂದನ್ನು ದಾರಕ್ಕೆ ಕಟ್ಟಿ ದಡದ ಪಕ್ಕದಲ್ಲೇ ಎಳೆದು ನೋಡಿ. ಬಾಲ ಅಲ್ಲಾಡಿಸುತ್ತಾ ನೆಟ್ಟಗೆ ಬಂದರೆ ಮೂರು ಮೊನೆಯ ಗಾಳ ಬದಲಿಸಿ ಬಳಸಿ. ಮಗುಚಿಕೊಂಡು ಬಂದರೆ ಮಕ್ಕಳ ಕೈಗೆ ಕೊಡಿ, ಗಾಳ ಬಿಚ್ಚಿ.